ಅಕ್ಷರ ದೊರೆತಿದೆ, ಅರ್ಥ ದೊರೆಯಬೇಕಾಗಿದೆ

ಹೋದ ಕಾಫಿ ಕುಯ್ಲಿನ ಕಾಲದಲ್ಲಿ ಕಾರ್ಯಾಂತರದಿಂದ ನಾವು ಬೇಲೂರು ತಾಲ್ಲೂಕಿನ ಅರೇಹಳ್ಳಿಗೆ ಹೋಗಬೇಕಾಯಿತು. ಸಂಜೆ, ಕಣದಲ್ಲಿ ಹರಡಿದ್ದ ಕಾಫಿಯನ್ನು ಆಳುಗಳು ಗುಡ್ಡೆಮಾಡಿ ಹೊದಿಕೆ ಹಾಕುತ್ತಿದ್ದ ಹೊತ್ತಿನಲ್ಲಿ, ಸಮೀಪದ ತೋಟವೊಂದರ ರೈಟರು ನಮ್ಮನ್ನು ಹುಡುಕಿಕೊಂಡು ಬಂದರು. ವೃತ್ತಪತ್ರಿಕೆಯನ್ನು ಮೊದಲ ಪಂಕ್ತಿಯಿಂದ ಕಡೆಯ ಜಾಹೀರಾತಿನವರೆಗೆ ಓದಿ ಮುಗಿಸುವ ವರ್ಗದ ಮಹನೀಯರು. ಸಂಪಾದಕನೊಬ್ಬನು ಕೈಗೆ ಸಿಕ್ಕಿದರೆ ಸುಲಭವಾಗಿ ಬಿಡತಕ್ಕವರಲ್ಲ. ಅವರ ತೋಟದ ಲೈನಿನಲ್ಲಿ ವಾಸವಾಗಿದ್ದ ಆಳೊಬ್ಬನಿಗೆ ತಿಂಗಳುಗಟ್ಟಲೆ ಕೆಮ್ಮು. ಅಂಗಡಿಯ ಔಷಧದಿಂದ ಗುಣ ಕಾಣದೆ, ಕಡೆಗೆ ಕಫದ ಡಬ್ಬಿ ಸರ್ಕಾರದ ಪರೀಕ್ಷಾಯಂತ್ರಕ್ಕೆ ಹೋಯಿತು. ಕ್ಷಯವೆಂದೂ, ರಿಫಾಂಪಿಸಿನ್ ಎಂಬ ಔಷಧಕ್ಕೆ ಬಗ್ಗುವ ಜಾತಿಯ ಕ್ಷಯವೆಂದೂ ಅದೇ ದಿನ ಚೀಟಿ ಬಂದಿತು. ಕ್ರಿಮಿಯ ಜೀನನ್ನು ನೋಡಿ ಯಂತ್ರವು ಹಾಗೆ ಹೇಳುವುದೆಂದು ಅಲ್ಲಿಯ ಪರೀಕ್ಷಕರು ರೈಟರಿಗೆ ವಿವರಿಸಿದ್ದರಂತೆ.

“ಸ್ವಾಮಿ, ಜೀನೋಮನ್ನು ಪೂರ್ತಿ ಓದಿಬಿಟ್ಟರು ಎಂದು ತಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿದೆ” ಎಂದು ಅವರು ನಮ್ಮನ್ನು ಕೇಳಿದರು. “ರೋಗ ಹಿಡಿಯುವ ಯಂತ್ರವೂ ಬಂತು, ಸಂತೋಷ. ಆದರೆ ಆ ಆಳಿಗೆ ಕೊಟ್ಟ ಔಷಧ ಹಿಂದೆ ನಮ್ಮ ದೊಡ್ಡಪ್ಪನವರಿಗೆ ಕೊಟ್ಟಿದ್ದ ಔಷಧವೇ. ಎಲ್ಲವನ್ನೂ ಓದಿದ ಮೇಲೆ ಔಷಧ ಮಾತ್ರ ಹಳೆಯದೇ ಏಕೆ?”

ನಾವು ಆಗ ಕೊಟ್ಟ ಉತ್ತರ ನಮಗೇ ಸಮಾಧಾನಕರವಾಗಿರಲಿಲ್ಲ. ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹಚ್ಚಿ, ಮೆಟ್ರಿಕ್ಯುಲೇಷನ್ನಿನೊಡನೆ ವಿದ್ಯಾಭ್ಯಾಸವನ್ನು ಮುಗಿಸಿದ ನಮಗೆ ಈ ವಿಷಯದಲ್ಲಿ ಅಧಿಕಾರವಾಣಿಯೇನೂ ಇಲ್ಲ. ಆದರೂ ಪ್ರಶ್ನೆ ನ್ಯಾಯವಾದುದು. ಕ್ಷಯಕ್ಕೆ ಇಂದಿಗೂ ಮೊದಲು ಕೊಡುವ ನಾಲ್ಕು ಔಷಧಗಳೂ 1970ಕ್ಕೆ ಹಿಂದಿನವು. ಐಸೋನಿಯಜಿಡ್ ಬಳಕೆಗೆ ಬಂದುದು 1952ರಲ್ಲಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಪಾಲು ಭಾರತದವರು. 2025ರೊಳಗೆ ಈ ರೋಗವನ್ನು ದೇಶದಿಂದ ನಿರ್ಮೂಲ ಮಾಡುವೆವೆಂದು ಸರ್ಕಾರದವರು 2018ರಲ್ಲಿ ಸಾರಿದ್ದರು. ಆ ವರ್ಷ ಬಂದಿತು, ರೋಗ ಹೋಗಲಿಲ್ಲ. ಆದುದರಿಂದ ಊರಿಗೆ ಹಿಂದಿರುಗಿದ ಮೇಲೆ ತಿಳಿದವರನ್ನು ಕೇಳಿ, ಸಿಕ್ಕಿದುದನ್ನು ಓದಿ, ನಮ್ಮ ತಿಳಿವಳಿಕೆಗೆ ನಿಲುಕಿದಷ್ಟನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಬೇಲೂರು ತಾಲ್ಲೂಕಿನವರಿಗೆ ಒಂದು ಉದಾಹರಣೆ ಮನೆಬಾಗಿಲಲ್ಲೇ ಇದೆ. ಅದೇ ತಾಲ್ಲೂಕಿನ ಹಲ್ಮಿಡಿಯ ಶಿಲಾಶಾಸನವನ್ನು ಮೈಸೂರಿನ ಪ್ರಾಕ್ತನವಿಮರ್ಶೆಯ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಪ್ರಕಟಿಸಿದರಷ್ಟೆ. ಇರುವುದು ಹದಿನಾರು ಸಾಲು. ಅಕ್ಷರಗಳನ್ನು ಗುರುತಿಸಿ ಅಚ್ಚುಹಾಕಿ ಎಷ್ಟೋ ದಶಕಗಳಾದುವು. ಆದರೆ ಕೆಲವು ಪದಗಳ ಅರ್ಥವೇನು, ವಾಕ್ಯ ಎಲ್ಲಿ ಮುರಿಯುವುದು, ಕಾಲ ಯಾವುದು ಎಂಬ ಚರ್ಚೆಯನ್ನು ಪಂಡಿತರು ಇನ್ನೂ ಬಿಟ್ಟಿಲ್ಲ. ಓದುವುದು ಬೇರೆ, ಅರ್ಥಮಾಡಿಕೊಳ್ಳುವುದು ಬೇರೆ. ಜೀನೋಮ್ ಎಂಬುದು ನಾಲ್ಕೇ ಅಕ್ಷರಗಳ ವರ್ಣಮಾಲೆಯಲ್ಲಿ ಬರೆದ ಶಾಸನವೆಂದು ಭಾವಿಸಬಹುದು. ಮನುಷ್ಯನದರಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳು. ಕ್ಷಯದ ಕ್ರಿಮಿಯದರಲ್ಲಿ 44 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಕ್ರಿಮಿಯ ಶಾಸನವನ್ನು 1998ರಲ್ಲಿ ಇಂಗ್ಲೆಂಡಿನವರೂ ಫ್ರಾನ್ಸಿನವರೂ ಕೂಡಿ ಓದಿ ಪ್ರಕಟಿಸಿದರು. ಮನುಷ್ಯನದರ ಕರಡು 2000ದಲ್ಲಿ ಘೋಷಿತವಾಯಿತು. ಕೆಲಸ ಮುಗಿಯಿತೆಂದು 2003ರಲ್ಲಿ ಸಾರಿದರು. ನಡುನಡುವೆ ಬಿಟ್ಟುಹೋಗಿದ್ದ ಎಡೆಗಳಲ್ಲಿ ಬಹುಪಾಲು ತುಂಬಿದುದು 2022ರಲ್ಲಿ.

ಈ ಶಾಸನದಲ್ಲಿ ಅಲ್ಲಲ್ಲಿ ಬರುವ ಅರ್ಥವತ್ತಾದ ವಾಕ್ಯಗಳೇ ಜೀನುಗಳು. ಒಂದೊಂದು ಜೀನೂ ಸಾಮಾನ್ಯವಾಗಿ ಒಂದು ಪ್ರೋಟೀನನ್ನು ಕಟ್ಟುವ ಆಜ್ಞೆ. ದೇಹದಲ್ಲಿ ಕೆಲಸ ನಡೆಯುವುದು ಪ್ರೋಟೀನುಗಳಿಂದ: ಉಸಿರನ್ನು ಸಾಗಿಸುವುದು, ಅನ್ನವನ್ನು ಅರಗಿಸುವುದು, ಕ್ರಿಮಿಯನ್ನು ಎದುರಿಸುವುದು ಎಲ್ಲವೂ. ಔಷಧಗಳಲ್ಲಿ ಬಹುಪಾಲು ಹೋಗಿ ಹಿಡಿಯುವುದೂ ಪ್ರೋಟೀನನ್ನೇ. 1998ರಲ್ಲಿ ಕ್ಷಯಕ್ರಿಮಿಯ ಸುಮಾರು ನಾಲ್ಕು ಸಾವಿರ ಜೀನುಗಳನ್ನು ಎಣಿಸಿದವರು, ಅವುಗಳಲ್ಲಿ ನೂರಕ್ಕೆ ನಲವತ್ತರಷ್ಟಕ್ಕೆ ಮಾತ್ರ ಇಂಥದೇ ಕೆಲಸವೆಂದು ನಿಶ್ಚಯವಾಗಿ ಹೇಳಬಲ್ಲೆವೆಂದು ಒಪ್ಪಿಕೊಂಡಿದ್ದರು. ಇನ್ನು ನೂರಕ್ಕೆ ಹದಿನಾರು, ಅದುವರೆಗೆ ಯಾವ ಜೀವಿಯಲ್ಲಿಯೂ ಕಂಡ ಯಾವುದನ್ನೂ ಹೋಲುತ್ತಿರಲಿಲ್ಲ. ಅಂದರೆ ಶತ್ರುವಿನ ಕೋಟೆಯ ನಕ್ಷೆ ಕೈಗೆ ಬಂದಿತು. ಯಾವ ಕೋಣೆಯಲ್ಲಿ ಮದ್ದಿನ ಮನೆ, ಯಾವುದರಲ್ಲಿ ಉಗ್ರಾಣವೆಂಬುದು ಬರೆದಿರಲಿಲ್ಲ. ಹಾಗೆ ಒಂದೊಂದು ಜೀನಿನ ಕೆಲಸವನ್ನು ಹುಡುಕುವ ಶಾಸ್ತ್ರಕ್ಕೆ ಫಂಕ್ಷನಲ್ ಜೀನೋಮಿಕ್ಸ್ ಎಂದು ಹೆಸರು. ಇಷ್ಟು ಸಂಖ್ಯೆಯನ್ನು ಕೈಲೆಕ್ಕದಲ್ಲಿ ನಿಭಾಯಿಸಲಾಗದುದರಿಂದ ಜೀವಶಾಸ್ತ್ರವನ್ನೂ ಗಣಕಯಂತ್ರವನ್ನೂ ಕೂಡಿಸಿ ಕಲಿತ ಹೊಸ ಬಗೆಯ ವಿದ್ವಾಂಸರು ಹುಟ್ಟಿಕೊಂಡರು. ನಮ್ಮ ರೈಟರ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇವರೇ.

ಅಂಥವರೊಬ್ಬರ ಕೆಲಸ ಬೆಂಗಳೂರಿನಲ್ಲೇ ನಡೆದಿರುವುದರಿಂದ ಅದನ್ನು ಕುರಿತು ನಾಲ್ಕು ಮಾತು. ಡಾಕ್ಟರ್ ಅಖಿಲೇಶ್ ಪಾಂಡೆ ಅವರ ವಿದ್ಯಾಭ್ಯಾಸ ಕನ್ನಡನಾಡಿನಲ್ಲಿ ಆದುದಲ್ಲ. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಅನಂತರ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು, ಬಾಸ್ಟನ್ನಿನಲ್ಲಿ ರೋಗನಿದಾನಶಾಸ್ತ್ರದ ಅಭ್ಯಾಸ, ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಮಥಿಯಾಸ್ ಮಾನ್ ಎಂಬ ವಿದ್ವಾಂಸರ ಬಳಿ ಪ್ರೋಟೀನುಗಳನ್ನು ತೂಗಿ ಗುರುತಿಸುವ ವಿದ್ಯೆ. ಗುರುಶಿಷ್ಯರಿಬ್ಬರೂ ಕೂಡಿ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನವು, ಜೀನುಗಳನ್ನು ತಿಳಿಯಬೇಕಾದರೆ ಪ್ರೋಟೀನುಗಳನ್ನು ನೋಡಬೇಕೆಂದು ವಾದಿಸಿ ಪ್ರಸಿದ್ಧವಾಯಿತು. 2002ರಲ್ಲಿ ಪಾಂಡೆಯವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದೇ ವರ್ಷ ಬೆಂಗಳೂರಿನ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ, ಲಾಭದ ಉದ್ದೇಶವಿಲ್ಲದ ಒಂದು ಸಂಶೋಧನಾಲಯವನ್ನು ಸ್ಥಾಪಿಸಿದರು. ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬುದು ಅದರ ಹೆಸರು.

ಆ ಪ್ರದೇಶದಲ್ಲಿ ಆಗ ಬಹುಮಂದಿ ತರುಣರು ಗಣಕದ ಮುಂದೆ ಕುಳಿತು ಪರದೇಶದ ಕಂಪೆನಿಗಳ ಲೆಕ್ಕಪತ್ರ ಬರೆಯುತ್ತಿದ್ದ ಕಾಲ. ಈ ಸಂಶೋಧನಾಲಯದಲ್ಲಿಯೂ ತರುಣರು ಗಣಕದ ಮುಂದೆಯೇ ಕುಳಿತರು. ಆದರೆ ಅವರು ಮಾಡಿದ ಕೆಲಸ ನಮ್ಮಂಥ ಹಳೆಯ ಕಾಲದವರ ಮನಸ್ಸಿಗೆ ಬಹಳ ಹತ್ತಿರವಾದುದು. ಅವರು ನಿಘಂಟನ್ನು ಕಟ್ಟಿದರು.

ಮನುಷ್ಯದೇಹದ ಪ್ರೋಟೀನುಗಳ ಒಂದು ಕೋಶವನ್ನು ಸಿದ್ಧಪಡಿಸಬೇಕು. ಪ್ರತಿಯೊಂದು ಪ್ರೋಟೀನಿನ ಎದುರಿಗೂ ಅದು ಯಾವ ಅಂಗದಲ್ಲಿ ಇರುವುದು, ಯಾವ ಇತರ ಪ್ರೋಟೀನಿನೊಡನೆ ಕೂಡುವುದು, ಕಟ್ಟಿದ ಮೇಲೆ ಅದಕ್ಕೆ ಏನೇನು ಮಾರ್ಪಾಟು ಆಗುವುದು, ಕೆಟ್ಟರೆ ಯಾವ ರೋಗ ಬರುವುದು ಎಂಬುದನ್ನು ಬರೆಯಬೇಕು. ಈ ಸಂಗತಿಗಳು ಇದ್ದುದು ಜಗತ್ತಿನ ನಾನಾ ಪತ್ರಿಕೆಗಳಲ್ಲಿ ಚದುರಿಹೋದ ಲೇಖನಗಳಲ್ಲಿ. ಗಣಕಯಂತ್ರಕ್ಕೇ ಆ ಲೇಖನಗಳನ್ನು ಉಣಿಸಿ ಸಾರ ತೆಗೆಸಬಹುದಲ್ಲ ಎಂದು ವಾಚಕರು ಕೇಳಬಹುದು. ಅದರಲ್ಲಿ ತೊಡಕುಗಳುಂಟು. ಒಬ್ಬ ಲೇಖಕರು ಕಾಕ್ಸ್-2 ಎಂದುದನ್ನೇ ಇನ್ನೊಬ್ಬರು ಪಿಟಿಜಿಎಸ್-2 ಎನ್ನುವರು. ನಮ್ಮ ರೆವಿನ್ಯೂ ಕಚೇರಿಗಳಲ್ಲಿ ಒಬ್ಬನೇ ರೈತನು ಪಹಣಿಯಲ್ಲಿ ಪುಟ್ಟಸ್ವಾಮಿಗೌಡ, ಪಡಿತರದ ಪಟ್ಟಿಯಲ್ಲಿ ಪುಟ್ಟಯ್ಯ, ಊರಿನಲ್ಲಿ ಪುಟ್ಟಣ್ಣನಾಗಿರುವುದನ್ನು ಕಂಡ ಅಧಿಕಾರಿಗಳಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲದೆ ಎರಡು ಪ್ರೋಟೀನುಗಳು ಕೂಡುವುವು ಎಂಬ ವಾಕ್ಯವನ್ನೂ, ಕೂಡುವುವೆಂದು ಹಿಂದೆ ಹೇಳಿದುದು ತಪ್ಪು ಎಂಬ ವಾಕ್ಯವನ್ನೂ ಅಂದಿನ ಯಂತ್ರ ಒಂದೇ ಎಂದು ಎಣಿಸಿಬಿಡುವ ಸಂಭವವಿತ್ತು. ಆದುದರಿಂದ ಮನುಷ್ಯರೇ ಓದಬೇಕೆಂದು ತೀರ್ಮಾನವಾಯಿತು.

2003ರಲ್ಲಿ ಈ ಕೋಶದ ಮೊದಲ ವರದಿ ಪ್ರಕಟವಾದಾಗ ಅದರಲ್ಲಿ ಇದ್ದುದು 2,750 ಪ್ರೋಟೀನುಗಳು. ಅಷ್ಟಕ್ಕಾಗಿ ಜೀವಶಾಸ್ತ್ರಜ್ಞರು ಕಣ್ಣಾರೆ ಓದಿ ಅರ್ಥಮಾಡಿದ ಲೇಖನಗಳು ಮೂರು ಲಕ್ಷಕ್ಕೂ ಹೆಚ್ಚು. ವಾಚಕರು ಈ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲಬೇಕೆಂದು ಬೇಡುತ್ತೇವೆ. ದಿನಕ್ಕೆ ಹತ್ತರಂತೆ, ವರ್ಷಕ್ಕೆ ಮುನ್ನೂರು ದಿನ ತಪ್ಪದೆ ಓದುವವನೊಬ್ಬನಿಗೆ ನೂರು ವರ್ಷ ಹಿಡಿಯುವ ಕೆಲಸವದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ನಮ್ಮ ಪಂಡಿತರು ಕಾವ್ಯಗಳಿಂದಲೂ ಶಾಸನಗಳಿಂದಲೂ ಒಂದೊಂದು ಪದವನ್ನು ಆಯ್ದು ಚೀಟಿ ಬರೆದರು. ಅದು ಸಂಪೂರ್ಣವಾದುದು 1995ರಲ್ಲಿ, ಹಲವು ದಶಕಗಳ ದುಡಿಮೆಯ ಕೊನೆಯಲ್ಲಿ. ಅಂಥ ಚೀಟಿ ಬರೆಯುವ ತಪಸ್ಸು ಇದು. ಪ್ರೋಟೀನ್ ಕೋಶವನ್ನು ವಿದ್ಯಾಸಂಸ್ಥೆಗಳ ಸಂಶೋಧಕರಿಗೆ ಉಚಿತವಾಗಿ ತೆರೆದಿಟ್ಟರು. 2009ರ ವರದಿಯ ಹೊತ್ತಿಗೆ ಪ್ರೋಟೀನುಗಳ ಸಂಖ್ಯೆ 25,000ವನ್ನು ಮೀರಿತ್ತು. ಆ ವರದಿಯಲ್ಲಿ ಮೊದಲ ಹೆಸರು ಟಿ. ಎಸ್. ಕೇಶವಪ್ರಸಾದ್ ಅವರದು, ಅವರು ಅನಂತರ ಮಂಗಳೂರಿನ ಯೆನೆಪೋಯ ವಿದ್ಯಾಲಯದಲ್ಲಿ ಇದೇ ಶಾಸ್ತ್ರದ ಕೇಂದ್ರದಲ್ಲಿ ಕೆಲಸ ನಡೆಸಿದರು. ನಡುವೆ 2005ರಲ್ಲಿ, ಎಚ್. ಸಿ. ಹರ್ಷ ಅವರೂ ಸಂಗಡಿಗರೂ ಮನುಷ್ಯನ ಎಕ್ಸ್ ಕ್ರೋಮೊಸೋಮನ್ನು ಇದೇ ರೀತಿ ಕೈಯಿಂದ ಶೋಧಿಸಿ, ಯಂತ್ರಗಳ ಕಣ್ಣಿಗೆ ತಪ್ಪಿಹೋಗಿದ್ದ 43 ಜೀನುಗಳನ್ನು ಎತ್ತಿ ತೋರಿಸಿದರು. ವಿಲಾಯಿತಿಯವರು ಓದಿ ಮುಗಿಸಿದ ಪುಟವನ್ನು ವೈಟ್‌ಫೀಲ್ಡಿನಲ್ಲಿ ಕುಳಿತು ಮತ್ತೆ ಓದಿ, ಅವರು ಬಿಟ್ಟ ಸಾಲನ್ನು ತೋರಿಸಿದ ಈ ಪ್ರಸಂಗ ನಮಗೆ ಸ್ವಲ್ಪ ಹೆಮ್ಮೆಯನ್ನುಂಟುಮಾಡಿತೆಂದರೆ ವಾಚಕರು ಕ್ಷಮಿಸುವರೆಂದು ನಂಬಿದ್ದೇವೆ.

ಇತರರು ಬರೆದುದನ್ನು ಓದುವುದು ಒಂದು. ಸ್ವತಃ ತೂಗಿ ನೋಡುವುದು ಇನ್ನೊಂದು. ಈ ತೂಗುವ ವಿದ್ಯೆಯನ್ನು ಅರೇಹಳ್ಳಿಯವರಿಗೆ ಹೇಳುವುದು ಸುಲಭ. ನಾನಾ ತೋಟಗಳ ಕಾಫಿ ಒಂದೇ ಗೋದಾಮಿನಲ್ಲಿ ಬೆರೆತುಹೋಗಿದೆ ಎಂದುಕೊಳ್ಳಿ. ಯಾವ ತೋಟದ ಬೀಜ ಎಷ್ಟು ತೂಗಬೇಕೆಂಬ ಪಟ್ಟಿಯೊಂದು ರೈಟರ ಬಳಿ ಇದೆ. ಒಂದೊಂದೇ ಬೀಜವನ್ನು ಎತ್ತಿ, ಕೂದಲೆಳೆಯಷ್ಟೂ ತಪ್ಪದ ತಕ್ಕಡಿಯಲ್ಲಿ ತೂಗಿ, ಪಟ್ಟಿಯೊಡನೆ ಹೋಲಿಸಿದರೆ, ಯಾವ ಯಾವ ತೋಟದ ಮಾಲು ಗೋದಾಮಿಗೆ ಬಂದಿತ್ತೆಂದು ತಿಳಿಯುತ್ತದೆ. ಅಂಗಾಂಶದಿಂದ ತೆಗೆದ ಪ್ರೋಟೀನುಗಳನ್ನು ಹೀಗೆಯೇ ಚೂರುಗಳಾಗಿ ಕತ್ತರಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಚೂರುಗಳನ್ನು ತೂಗುವರು. ಜೀನೋಮಿನ ಪಾಠದ ಪ್ರಕಾರ ಯಾವ ಚೂರು ಎಷ್ಟು ತೂಗಬೇಕೆಂದು ಗಣಕವು ಲೆಕ್ಕಹಾಕಿ ಹೋಲಿಸುವುದು. ಪಟ್ಟಿಯಲ್ಲಿಲ್ಲದ ತೂಕ ಮತ್ತೆ ಮತ್ತೆ ಬಂದರೆ, ಪಟ್ಟಿ ಬರೆದವರು ಒಂದು ತೋಟವನ್ನೇ ಮರೆತಿರುವರೆಂದು ಅರ್ಥ.

ಈ ಉಪಾಯವನ್ನು ಬೆಂಗಳೂರಿನವರು ಕ್ಷಯದ ಕ್ರಿಮಿಯ ಮೇಲೆಯೇ ಪ್ರಯೋಗಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕ್ರಿಮಿಯ 3,176 ಪ್ರೋಟೀನುಗಳು ಪ್ರತ್ಯಕ್ಷವಾಗಿ ಸಿಕ್ಕಿದುವು. ಇರಬಹುದೆಂದು ಎಣಿಸಿದ್ದವುಗಳಲ್ಲಿ ನೂರಕ್ಕೆ ಎಂಬತ್ತು. ಅಷ್ಟೇ ಅಲ್ಲದೆ, 1998ರಿಂದ ಜಗತ್ತೆಲ್ಲ ಓದುತ್ತಿದ್ದ ಆ ಪಾಠದಲ್ಲಿ ಯಾರೂ ಗುರುತಿಸದಿದ್ದ 41 ಜೀನುಗಳು ಹೊರಬಿದ್ದುವು. ಇನ್ನು 79 ಕಡೆಗಳಲ್ಲಿ ಜೀನು ಎಲ್ಲಿ ಆರಂಭವಾಗುವುದು, ಹೇಗಿರುವುದು ಎಂದು ಬರೆದಿದ್ದುದು ತಪ್ಪಾಗಿದ್ದು ತಿದ್ದಬೇಕಾಯಿತು. ಇವರೇ ನಿಮ್ಹಾನ್ಸಿನ ವೈದ್ಯರೊಡನೆ ಕೂಡಿ, ಕ್ಷಯವು ಮೆದುಳಿನ ಪೊರೆಗೆ ಹತ್ತಿ ಸತ್ತವರ ಮೆದುಳಿನ ಅಂಗಾಂಶದಲ್ಲಿ ಯಾವ ಜೀನುಗಳು ಹೆಚ್ಚು ಕೆಲಸಮಾಡಿದ್ದುವು, ಯಾವುವು ಸುಮ್ಮನಾಗಿದ್ದುವು ಎಂಬುದನ್ನೂ ಶೋಧಿಸಿದರು. ಮೃತರ ಬಂಧುಗಳು ಒಪ್ಪಿ ಕೊಟ್ಟ ಅಂಗಾಂಶದಿಂದ ನಡೆದ ಕೆಲಸವದು. ಆ ದಾನಿಗಳಿಗೆ ಕೃತಜ್ಞತೆ ಸಲ್ಲತಕ್ಕದ್ದು.

2014ರ ಮೇ ತಿಂಗಳಲ್ಲಿ ಪಾಂಡೆಯವರ ಬಳಗವು ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆಯನ್ನು ‘ನೇಚರ್’ನಲ್ಲಿ ಪ್ರಕಟಿಸಿತು. ಬಾಲ್ಟಿಮೋರಿನವರೂ ಬೆಂಗಳೂರಿನವರೂ ಕೂಡಿ ಮಾಡಿದ ಕೆಲಸ. ಮೂವತ್ತು ಬಗೆಯ ಅಂಗಾಂಶಗಳನ್ನೂ ಜೀವಕೋಶಗಳನ್ನೂ ತೂಗಿ, 17,294 ಜೀನುಗಳ ಪ್ರೋಟೀನುಗಳನ್ನು ಕಂಡುದಾಗಿ ಹೇಳಿದರು. ಅದು ತಿಳಿದಿದ್ದ ಜೀನುಗಳಲ್ಲಿ ನೂರಕ್ಕೆ 84. ಪ್ರೋಟೀನ್ ಹುಟ್ಟುವುದೇ ಇಲ್ಲವೆಂದು ಭಾವಿಸಿದ್ದ ಎಡೆಗಳಿಂದಲೂ 193 ಪ್ರೋಟೀನುಗಳು ಸಿಕ್ಕಿದುವೆಂದರು. ನಮ್ಮ ದೇಶದ ಪತ್ರಿಕೆಗಳೆಲ್ಲ ಜಯಘೋಷ ಮಾಡಿದುವು. ಆದರೆ ಪತ್ರಿಕೆಗಳು ಸಾಮಾನ್ಯವಾಗಿ ಜಯಘೋಷದ ಮರುದಿನದ ಸುದ್ದಿಯನ್ನು ಅಚ್ಚುಹಾಕುವುದಿಲ್ಲ. ಆ ದೋಷದಲ್ಲಿ ನಮ್ಮ ಪಾಲೂ ಇರುವುದರಿಂದ ಈಗ ಹೇಳುತ್ತೇವೆ. ಅದೇ ವರ್ಷ ಮ್ಯಾಡ್ರಿಡ್ ನಗರದ ಗಣಕ ಜೀವಶಾಸ್ತ್ರಜ್ಞರು ಒಂದು ಆಕ್ಷೇಪಣೆಯನ್ನೆತ್ತಿದರು. ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ಮೂಗಿನಲ್ಲಿರತಕ್ಕವು. ಈ ನಕ್ಷೆಗಾಗಿ ಮೂಗಿನ ಅಂಗಾಂಶವನ್ನು ಪರೀಕ್ಷಿಸಿಯೇ ಇರಲಿಲ್ಲ. ಆದರೂ ಪಟ್ಟಿಯಲ್ಲಿ ಅವು ನೂರಕ್ಕೂ ಹೆಚ್ಚು ಕಾಣಿಸಿಕೊಂಡಿದ್ದುವು! ಅದೇ ಸಂಚಿಕೆಯಲ್ಲಿ ಬಂದ ಜರ್ಮನಿಯವರ ನಕ್ಷೆಯಲ್ಲಿಯೂ ಇದೇ ದೋಷ ಇನ್ನೂ ಹೆಚ್ಚಾಗಿತ್ತು. ಲಕ್ಷಾಂತರ ಚೂರುಗಳನ್ನು ತೂಗುವಾಗ ಕೆಲವು ಆಕಸ್ಮಿಕವಾಗಿ ತಪ್ಪು ಹೆಸರಿಗೆ ಹೊಂದಿಕೊಳ್ಳುವುವು. ಅವನ್ನು ಸೋಸುವ ಜರಡಿ ಇನ್ನಷ್ಟು ಸಣ್ಣದಾಗಿರಬೇಕಿತ್ತೆಂಬುದು ಆಕ್ಷೇಪಣೆಯ ಸಾರ. ಇದು ನ್ಯಾಯವಾದ ಟೀಕೆಯೆಂದೇ ನಮಗೆ ತೋರುತ್ತದೆ. ಕರಡು ಎಂದು ಕರೆದವರು ಕರಡನ್ನೇ ಕೊಟ್ಟರು, ತಿದ್ದುವವರು ತಿದ್ದಿದರು. ಹಲ್ಮಿಡಿಯ ಶಾಸನಕ್ಕೂ ಆದುದು ಇದೇ. ಇದರಿಂದ ಕೆಲಸದ ಬೆಲೆ ಕುಗ್ಗಿತೆಂದು ಹೇಳಲಾರೆವು, ಆದರೆ ಅಂದಿನ ಜಯಘೋಷದ ಧ್ವನಿಯನ್ನು ಕುಗ್ಗಿಸಬಹುದಾಗಿತ್ತು.

ಪಾಂಡೆಯವರೊಬ್ಬರೇ ಈ ಕ್ಷೇತ್ರದಲ್ಲಿ ದುಡಿದವರೆಂದು ತಿಳಿಯಬಾರದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ, ಜನರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿದ್ಯಾಮಂದಿರದ, ಪ್ರೊಫೆಸರ್ ನಾಗಸುಮಾ ಚಂದ್ರ ಅವರೂ ಶಿಷ್ಯರೂ 2008ರಲ್ಲಿ ರೈಟರ ಪ್ರಶ್ನೆಯನ್ನೇ ನೇರವಾಗಿ ಗಣಕಕ್ಕೆ ಹಾಕಿದರು. ಕ್ಷಯಕ್ರಿಮಿಯ ಸುಮಾರು ನಾಲ್ಕು ಸಾವಿರ ಜೀನುಗಳಲ್ಲಿ, ಔಷಧದಿಂದ ಹೊಡೆಯಲು ಯೋಗ್ಯವಾದುವು ಯಾವುವು? ಹೊಡೆದರೆ ಕ್ರಿಮಿ ಸಾಯಬೇಕು. ಮನುಷ್ಯದೇಹದ ಪ್ರೋಟೀನನ್ನು ಅದು ಹೋಲಿರಬಾರದು. ನಮ್ಮ ಕರುಳಿನಲ್ಲಿರುವ ಉಪಕಾರಿಯಾದ ಕ್ರಿಮಿಗಳಿಗೂ ಪೆಟ್ಟು ಬೀಳಬಾರದು. ಹೀಗೆ ಒಂದಾದಮೇಲೊಂದು ಜರಡಿಯಲ್ಲಿ ಸೋಸಿ ಕಡೆಗೆ 451 ಉಳಿದುವು. 2017ರಲ್ಲಿ ಇದೇ ಬಳಗದವರು ರೋಗಿಗಳ ರಕ್ತದಲ್ಲಿ ಹತ್ತು ಜೀನುಗಳ ಏರಿಳಿತವನ್ನು ನೋಡಿ ಶ್ವಾಸಕೋಶದ ಕ್ಷಯವನ್ನು ಗುರುತಿಸಬಹುದೆಂದು ತೋರಿಸಿದರು. ಕಫ ಬಾರದ ರೋಗಿಗೆ ಇದರಿಂದ ಎಷ್ಟು ಉಪಕಾರವಾದೀತೆಂಬುದನ್ನು, ಮಕ್ಕಳ ಕ್ಷಯವನ್ನು ಕಂಡ ವೈದ್ಯರು ಬಲ್ಲರು.

ಹಾಗಾದರೆ ಔಷಧವೆಲ್ಲಿ? 451 ಬಾಗಿಲುಗಳನ್ನು ಗುರುತಿಸುವುದು ಒಂದು ಮಾತು. ಒಂದೊಂದು ಬಾಗಿಲಿಗೂ ಬೀಗದ ಕೈಯನ್ನು ಅರೆದು, ಅದನ್ನು ಇಲಿಯಲ್ಲಿ, ಅನಂತರ ಮನುಷ್ಯರಲ್ಲಿ ಪರೀಕ್ಷಿಸಿ, ಅಪಾಯವಿಲ್ಲವೆಂದು ಸಿದ್ಧಪಡಿಸುವುದು ಬೇರೆಯೇ ಮಾತು. ಅದಕ್ಕೆ ಹತ್ತಾರು ವರ್ಷಗಳೂ ಕೋಟಿಗಟ್ಟಲೆ ಹಣವೂ ಬೇಕು. ಕ್ಷಯವು ಬಡವರ ರೋಗವಾದುದರಿಂದ ದೊಡ್ಡ ಕಂಪೆನಿಗಳಿಗೆ ಅದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಆದರೂ ಅಕ್ಷರಜ್ಞಾನದಿಂದ ಏನೂ ಆಗಲಿಲ್ಲವೆಂದು ರೈಟರು ತಿಳಿಯಬಾರದು. ಬೆಡಾಕ್ವಿಲಿನ್ ಎಂಬ ಔಷಧವನ್ನು ಕಂಡವರಿಗೆ, ಅದು ಕ್ರಿಮಿಯನ್ನು ಹೇಗೆ ಕೊಲ್ಲುವುದೆಂದು ಮೊದಲು ತಿಳಿದಿರಲಿಲ್ಲ. ಆ ಔಷಧಕ್ಕೆ ಬಗ್ಗದ ಕ್ರಿಮಿಗಳನ್ನು ಬೆಳೆಸಿ, ಅವುಗಳ ಜೀನೋಮನ್ನು ಓದಿ, ಸಾಮಾನ್ಯ ಕ್ರಿಮಿಯದರೊಡನೆ ಹೋಲಿಸಿದಾಗ ಒಂದೆಡೆ ಅಕ್ಷರ ಬದಲಾಗಿದ್ದುದು ಕಂಡಿತು. ಕ್ರಿಮಿಗೆ ಚೈತನ್ಯವನ್ನು ಒದಗಿಸುವ ಯಂತ್ರದ ಜೀನು ಅದು. 2005ರಲ್ಲಿ ಈ ಸಂಗತಿ ಪ್ರಕಟವಾಯಿತು. 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ದೊರೆಯಿತು. 2016ರಿಂದ ನಮ್ಮ ದೇಶದಲ್ಲಿಯೂ ಕೊಡಲಾರಂಭಿಸಿದರು. ಹಳೆಯ ಔಷಧಗಳಿಗೆ ಬಗ್ಗದ ಕ್ಷಯದಿಂದ ಇಂದು ಬದುಕಿ ಉಳಿಯುತ್ತಿರುವವರಲ್ಲಿ ಎಷ್ಟೋ ಮಂದಿ ಇದರ ಋಣದಲ್ಲಿರುವರು. ರೈಟರ ತೋಟದ ಆಳಿಗೆ ಹಳೆಯ ಔಷಧ ಕೊಟ್ಟುದು ಹೊಸದು ಇಲ್ಲದೆ ಅಲ್ಲ. ಅವನ ಕ್ರಿಮಿ ಹಳೆಯದಕ್ಕೇ ಬಗ್ಗುವುದೆಂದು ಯಂತ್ರ ಹೇಳಿತು. ಬಗ್ಗದಿದ್ದರೆ ಬೇರೆಯ ದಾರಿ ಈಗ ಉಂಟು. ಅವರ ದೊಡ್ಡಪ್ಪನವರ ಕಾಲದಲ್ಲಿ ಅದು ಇರಲಿಲ್ಲ.

ಆ ಯಂತ್ರದ ಮಾತನ್ನೂ ಹೇಳಿಬಿಡಬೇಕು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯಕ್ರಿಮಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಮೇಲೆ ಒಂದು ಶತಮಾನಕ್ಕೂ ಮೀರಿ ಹಳ್ಳಿಯ ರೋಗಿಯ ಕಫವನ್ನು ಪರೀಕ್ಷಿಸುವ ಕ್ರಮ ಹೆಚ್ಚುಕಡಮೆ ಅದೇ ಆಗಿತ್ತು. ಕ್ರಿಮಿಯ ಜೀನನ್ನು ಎರಡು ಗಂಟೆಗಳೊಳಗೆ ಗುರುತಿಸುವ ವಿಲಾಯಿತಿ ಯಂತ್ರಕ್ಕೆ 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಬಂದಿತು. ಆದರೆ ಅದಕ್ಕೆ ಎಡೆಬಿಡದ ವಿದ್ಯುತ್ತೂ ತಂಪಾದ ಕೊಠಡಿಯೂ ಬೇಕು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತಿನ ಪಾಡನ್ನು ಹೇಳಬೇಕೆ? ಬ್ಯಾಟರಿಯಿಂದ ನಡೆಯುವ, ಕೈಪೆಟ್ಟಿಗೆಯಷ್ಟರ ‘ಟ್ರೂನ್ಯಾಟ್’ ಯಂತ್ರವನ್ನು ರೂಪಿಸಿದವರು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯವರು. 2020ರಲ್ಲಿ ಅದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ಇದು ಪಾಂಡೆಯವರ ಸಂಶೋಧನಾಲಯದ ಕೆಲಸವಲ್ಲ. ಆದರೆ ಕ್ರಿಮಿಯ ಪಾಠವನ್ನು ಯಾರೋ ಓದಿ, ಯಾವ ಸಾಲು ಅದರದೇ ಗುರುತು, ಯಾವ ಅಕ್ಷರ ಬದಲಾದರೆ ರಿಫಾಂಪಿಸಿನ್ ನಾಟುವುದಿಲ್ಲ ಎಂದು ತಿಳಿಸಿದ ಮೇಲಲ್ಲದೆ ಇಂಥ ಯಂತ್ರ ಹುಟ್ಟುತ್ತಿರಲಿಲ್ಲ.

ಇಷ್ಟನ್ನು ಬರೆದ ಮೇಲೆ, ನಮ್ಮ ಮನಸ್ಸನ್ನು ಬಹುವಾಗಿ ಕೊರೆದ ಸಂಗತಿಯೊಂದನ್ನು ಅಧಿಕಾರಿವರ್ಗದ ವಾಚಕರಿಗೆ ಅರಿಕೆಮಾಡಬೇಕಾಗಿದೆ. ಮೂರು ಲಕ್ಷ ಲೇಖನಗಳನ್ನು ಓದಿ ಆರಂಭಿಸಿದ ಆ ಪ್ರೋಟೀನ್ ಕೋಶದ ಒಂಬತ್ತನೆಯ ಆವೃತ್ತಿ ಹೊರಬಂದುದು 2010ರಲ್ಲಿ. ಹತ್ತನೆಯದು ಬರಲಿಲ್ಲ. ಜಗತ್ತಿನ ಸಂಶೋಧಕರು ವರ್ಷಗಟ್ಟಲೆ ಬಳಸಿದ, ಇಂದಿಗೂ ತಮ್ಮ ಲೇಖನಗಳಲ್ಲಿ ಹೆಸರಿಸುವ ಕನ್ನಡನಾಡಿನ ಕೃತಿಯೊಂದು ಹಾಗೆಯೇ ನಿಂತುಹೋಯಿತು. ಹೊಸದನ್ನು ಕಂಡುಹಿಡಿಯುವುದಕ್ಕೆ ಹಣ ಕೊಡುವವರು ಉಂಟು. ಇದ್ದುದನ್ನು ತಿದ್ದಿ ತೀಡಿ ನಡೆಸಿಕೊಂಡು ಹೋಗುವುದಕ್ಕೆ ಹಣ ಕೊಡುವವರು ಎಲ್ಲ ದೇಶಗಳಲ್ಲಿಯೂ ಕಡಮೆ. ಆದರೆ ಯೂರೋಪಿನವರು ತಮ್ಮ ಪ್ರೋಟೀನ್ ಕೋಶವಾದ ಯೂನಿಪ್ರಾಟನ್ನು ಸಾರ್ವಜನಿಕ ಹಣದಿಂದ ಎಡೆಬಿಡದೆ ಸಾಕಿಕೊಂಡು ಬಂದಿದ್ದಾರೆ, ಅದನ್ನು ತಿದ್ದುವುದೇ ಉದ್ಯೋಗವಾದವರು ಅಲ್ಲಿದ್ದಾರೆ. ನಮ್ಮಲ್ಲಿ ಇಂಥ ಓದುಗಾರನಿಗೆ ಪದನಾಮವೇ ಇಲ್ಲ. ಎರಡು ಮೂರು ವರ್ಷಗಳ ಯೋಜನೆ ಮುಗಿದೊಡನೆ ಅವನು ಪರದೇಶಕ್ಕೋ ಪಕ್ಕದ ಕಂಪೆನಿಗೋ ಹೋಗುವನು. ಪಾಂಡೆಯವರೇ ಬಾಲ್ಟಿಮೋರಿನಲ್ಲಿ ಕುಳಿತು, ಆ ಮೇಲೆ ಮೇಯೋ ಕ್ಲಿನಿಕ್ ಸೇರಿ ಅಲ್ಲಿಂದ, ಬೆಂಗಳೂರಿನ ಕೆಲಸಕ್ಕೆ ದಾರಿ ತೋರಿದವರಲ್ಲವೆ? ಅವರನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಹೊರಗಿದ್ದೂ ಇಲ್ಲಿಗೆ ಕೆಲಸ ತಂದುದೇ ವಿಶೇಷ. ತಂದ ಮೇಲೆ ಉಳಿಸಿಕೊಳ್ಳುವುದು ಯಾರ ಹೊಣೆಯೆಂಬುದೇ ಪ್ರಶ್ನೆ.

ಬೆಂಗಳೂರಿನಲ್ಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ದೇಶದ ಕ್ಷಯನಿವಾರಣೆಯ ಮೊದಲ ಯೋಜನೆ ಸಿದ್ಧವಾದುದು ಅಲ್ಲಿಯೇ. ನಿಮ್ಹಾನ್ಸ್ ಇದೆ, ಟಾಟಾ ಇನ್‌ಸ್ಟಿಟ್ಯೂಟ್ ಇದೆ, ವೈಟ್‌ಫೀಲ್ಡಿನ ಸಂಶೋಧನಾಲಯವಿದೆ. ಕಫದ ಯಂತ್ರವನ್ನು ಕಟ್ಟಿದವರೂ ಅದೇ ಊರಿನವರು. ಕ್ಷಯಕ್ರಿಮಿಯ ನಾಲ್ಕು ಸಾವಿರ ಜೀನುಗಳಿಗೆ ಒಂದು ಸಾರ್ವಜನಿಕ ಕೋಶವನ್ನು ಇವರೆಲ್ಲ ಕೂಡಿ ನಡೆಸಬಾರದೇಕೆ? ಐವತ್ತು ಜನ ಓದುಗಾರರಿಗೆ ನಿವೃತ್ತಿಯವರೆಗೆ ಸಂಬಳ ಕೊಟ್ಟರೆ ಸಾಕೆಂದು ನಾವು ಎಣಿಸುತ್ತೇವೆ. ನಮ್ಮ ಎಣಿಕೆ ತಪ್ಪಿದ್ದರೆ ತಿಳಿದವರು ತಿದ್ದಬಹುದು. ಅವರ ಪತ್ರವನ್ನು ಇದೇ ಪುಟದಲ್ಲಿ ಅಚ್ಚುಹಾಕುವೆವು. ವಿಧಾನಸೌಧದ ಕೈಸಾಲೆಗಳ ದುರಸ್ತಿಗೆ ಆಗುವ ಖರ್ಚಿನೊಡನೆ ಇದನ್ನು ಹೋಲಿಸಬೇಕೆಂದು ಸ್ನೇಹಿತರೊಬ್ಬರು ಸೂಚಿಸಿದರು. ಅಂಕಿ ನಮ್ಮ ಬಳಿ ಇಲ್ಲವಾದುದರಿಂದ ಆ ಹೋಲಿಕೆಯನ್ನು ಕೈಬಿಟ್ಟಿದ್ದೇವೆ.

ಅರೇಹಳ್ಳಿಯ ರೈಟರಿಂದ ಮೊನ್ನೆ ಕಾಗದ ಬಂದಿದೆ. ಆಳಿನ ಆರು ತಿಂಗಳ ಔಷಧದಲ್ಲಿ ನಾಲ್ಕು ತಿಂಗಳು ಮುಗಿದಿದೆಯಂತೆ. ಕೆಮ್ಮು ನಿಂತಿದೆ, ಮೈ ಸ್ವಲ್ಪ ತುಂಬಿಕೊಂಡಿದೆ. ನಡುವೆ ಗುಣವಾಯಿತೆಂದು ಮಾತ್ರೆಯನ್ನು ಬಿಟ್ಟು ಊರಿಗೆ ಹೊರಟಿದ್ದವನನ್ನು ಅವರೇ ಬಸ್ಸಿನಿಂದ ಇಳಿಸಿಕೊಂಡು ಬಂದರಂತೆ. ತಮ್ಮ ಪ್ರಶ್ನೆಗೆ ಉತ್ತರವನ್ನು ಯಾವಾಗ ಅಚ್ಚುಹಾಕುವಿರೆಂದೂ ಕೇಳಿದ್ದಾರೆ.